ಹನ್ನೊಂದು ಸುತ್ತು

ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ನಾನು ಹೇಳುವ ಸಂಖ್ಯೆಗಳನ್ನೆಲ್ಲ ಹತ್ತರಿಂದ ಭಾಗಿಸಿಕೊಂಡು ಓದಿ. ನಮ್ಮೂರು ಅಳಿವೆಗೋಡಿನಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಅದಕ್ಕೆ 'ಕರ್ಣನ ಲೆಕ್ಕ' ಎಂದು ಹೆಸರೇ ಬಿದ್ದಿದೆ. ಎಲ್ಲಿ ಭಾಗಿಸಬಾರದೋ ಅಲ್ಲಿ ನಾನೇ ಹೇಳುತ್ತೇನೆ.

ಕರ್ಣ ಎಂದರೆ ನಾನು. ಅಪ್ಪಯ್ಯ ಇಟ್ಟದ್ದು ಕರುಣಾಕರ ಕಾಂಚನ್ ಎಂಬ ಉದ್ದದ ಹೆಸರು. ಊರಿನ ಬಾಯಲ್ಲಿ ಸವೆದು ಸವೆದು ಕರ್ಣ ಆಯಿತು. ಬೋಟಿನ ಎಂಜಿನ್ ಮೇಸ್ತ್ರಿ. ಗೋವೆಯಿಂದ ಕನ್ಯಾಕುಮಾರಿಯವರೆಗೆ ಉಪ್ಪುನೀರಿನ ಮೇಲೆ ಓಡುವ ಎಂಜಿನ್ನುಗಳಲ್ಲಿ ಮುಕ್ಕಾಲು ಪಾಲು ನನ್ನ ಕೈಗುಣ ಕಂಡವು. ಎಂಜಿನ್ ಒಮ್ಮೆ ಕೆಮ್ಮಿದರೆ ಸಾಕು, ಅದರ ಅಜ್ಜನಿಗೆ ಯಾವ ಕಾಯಿಲೆ ಇತ್ತು ಎಂದು ಹೇಳಬಲ್ಲೆ. ಒಮ್ಮೆ ಆರು ಸಿಲಿಂಡರಿನ ಎಂಜಿನ್ ಬಿಚ್ಚಿ ಜೋಡಿಸಿದ ಮೇಲೆ ಒಂದು ಬಕೆಟ್ ಬೋಲ್ಟು ಉಳಿದವು. ಎಂಜಿನ್ ಮೊದಲಿಗಿಂತ ಜೋರಾಗಿ ಓಡಿತು. ಉಳಿದ ಬೋಲ್ಟಿನಲ್ಲಿ ಪಕ್ಕದ ಮನೆಯವರಿಗೆ ತೆಂಗಿನಕಾಯಿ ತುರಿಯುವ ಯಂತ್ರ ಮಾಡಿಕೊಟ್ಟೆ. ಆಮೇಲಾಮೇಲೆ ನನ್ನ ಸ್ಪ್ಯಾನರಿನ ಸದ್ದು ಬೋಟು ಕಟ್ಟುವ ದಕ್ಕೆಯ ಮೇಲೆ ಕೇಳಿದರೆ ಸಾಕು, ಕೆಟ್ಟು ನಿಂತ ಎಂಜಿನ್ನುಗಳು ಹೆದರಿ ತಾವಾಗಿ ಸ್ಟಾರ್ಟ್ ಆಗುತ್ತಿದ್ದವು.

ಭಾಗಿಸುವ ಲೆಕ್ಕ ಕಂಡುಹಿಡಿದವಳು ನನ್ನ ಅಕ್ಕ ಗುಲಾಬಿ. ನನಗೆ ಏಳು ವರ್ಷವಿದ್ದಾಗ, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ನೂರು ಡಾಲ್ಫಿನ್ ನೋಡಿದೆ ಎಂದು ಮನೆಗೆ ಓಡಿ ಬಂದೆ. ಅಕ್ಕ ಹೋಗಿ ಎಣಿಸಿ ಬಂದಳು.

"ಅಬ್ಬೇ, ಹತ್ತ್ ಇತ್ತ್. ಇನ್ ಮೇಲೆ ಕರ್ಣ ಹೇಳಿದ್ದನ್ ಹತ್ರಿಂದ ಭಾಗ್ಸಿ. ಸಮ ಆತ್ತ್."

ಅಬ್ಬೆ ನಕ್ಕಳು, ಊರು ನಕ್ಕಿತು, ನಾನೂ ನಕ್ಕೆ. ನಲವತ್ತು ವರ್ಷ ಎಲ್ಲರೂ ಸುಖವಾಗಿ ಭಾಗಿಸಿಕೊಂಡಿದ್ದೆವು.

ಇನ್ನು ಕಿವಿಯ ವಿಷಯ.

ಸಮುದ್ರ ಏನು ಮಾಡಲಿದೆ ಎಂಬುದು ಸಮುದ್ರಕ್ಕೆ ಎರಡು ಗಂಟೆ ಮೊದಲೇ ಗೊತ್ತಿರುತ್ತದೆ. ಅಷ್ಟು ಹೊತ್ತೂ ಅದು ಒಳಗೊಳಗೇ ಗೊಣಗಿಕೊಳ್ಳುತ್ತಿರುತ್ತದೆ. ಆ ಗೊಣಗಾಟ ಮನುಷ್ಯರಿಗೆ ಕೇಳಿಸುವಂತಾದರೆ? ನಮ್ಮ ಕಾಲದ ಯಾರೋ ಜಾಣರು ಈ ಪ್ರಶ್ನೆ ಕೇಳಿಕೊಂಡರು. ಕೇಳಿಕೊಳ್ಳದೆ ಗತಿಯಿರಲಿಲ್ಲ. ನೀರು ಬಿಸಿಯಾಗುತ್ತ ಬಂದ ಹಾಗೆ, ಅಜ್ಜಂದಿರ ಕಾಲದಲ್ಲಿ ಅಪರೂಪವಾಗಿದ್ದ ಒಂದು ಪೀಡೆ ನಮ್ಮ ಕರಾವಳಿಗೆ ಅಂಟಿಕೊಂಡಿತ್ತು. ನಾವು ಅದನ್ನು ಕಳ್ಳತೆರೆ ಎನ್ನುತ್ತೇವೆ. ಆಕಾಶ ತೊಳೆದಿಟ್ಟ ಬಟ್ಟಲಿನಂತಿರುತ್ತದೆ, ಗಾಳಿಯಿಲ್ಲ, ಮೋಡವಿಲ್ಲ. ಎಲ್ಲೋ ದಕ್ಷಿಣದಲ್ಲಿ, ಸಾವಿರ ಸಾವಿರ ಮೈಲು ಆಚೆ ಎದ್ದ ಬಿರುಗಾಳಿಯ ಅಲೆ ನೀರಿನ ಅಡಿಯಲ್ಲೇ ನಡೆದು ಬಂದು, ನಮ್ಮ ಕಡೆ ತಳ ಸಿಕ್ಕ ಕೂಡಲೇ ಗುಡ್ಡದಂತೆ ಎದ್ದು ನಿಲ್ಲುತ್ತದೆ. ಬೋಟನ್ನು ಮಗುಚಿ ಹಾಕಿ ಏನೂ ಆಗದವರ ಹಾಗೆ ಹೋಗಿಬಿಡುತ್ತದೆ.

ಕಿವಿ ಎಂಬುದು ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆಯ ತುಂಡು. ಕಚೇರಿಯ ಕಾಗದದಲ್ಲಿ ಅದಕ್ಕೆ ಒಂದು ಮಾರುದ್ದದ ಹೆಸರಿದೆ, ನಮಗೆ ಕಿವಿ. ಅದಕ್ಕೆ ತಿರುಪು ಕೊರೆದಿರುತ್ತಾರೆ. ಎಂಜಿನ್ ತಣಿಸಲು ಸಮುದ್ರದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದಲ್ಲ, ಆ ನೀರಿನ ದಾರಿಗೆ ಮೂಗು ತಾಗುವ ಹಾಗೆ ಕಿವಿಯನ್ನು ಎಂಜಿನ್ನಿನ ಮೈಗೆ ತಿರುಪಿ ಕೂರಿಸುತ್ತಾರೆ. ನೀರು ಹರಿಯುತ್ತ ಸಮುದ್ರದ ಗೊಣಗಾಟವನ್ನು ಕಿವಿಗೆ ಹೇಳುತ್ತದೆ. ಕಿವಿ ಅದನ್ನು ಬಂದರಿನ ನಿಯಂತ್ರಣ ಕೊಠಡಿಗೆ ದಾಟಿಸುತ್ತದೆ. ಕೊಠಡಿಯ ಯಂತ್ರ ಎಲ್ಲ ಬೋಟುಗಳ ಗೊಣಗಾಟ ಕೂಡಿಸಿ, ಕಳ್ಳತೆರೆ ಎಲ್ಲಿ ಏಳುತ್ತದೆ ಎಂದು ಲೆಕ್ಕ ಹಾಕಿ, ಅದರ ದಾರಿಯಲ್ಲಿರುವ ಬೋಟುಗಳಲ್ಲಿ ಹಾರ್ನ್ ಊದುತ್ತದೆ. ಹಾರ್ನ್ ಊದಿಸುವುದೂ ಆ ಕಿವಿಯ ಮೂಲಕವೇ.

ಅಳಿವೆಗೋಡಿನ ಎರಡು ಸಾವಿರ ಬೋಟುಗಳಿಗೂ ಕಿವಿ ಕೂರಿಸಿದವನು ನಾನು. (ಭಾಗಿಸಿದಿರಾ? ಒಳ್ಳೆಯದು.) 'ಕರ್ಣ ಅಂದ್ರೆ ಕಿವಿ ಅಂತ್ಲೇ ಅರ್ಥ' ಎಂದು ಶಾಲೆಯ ಮೇಷ್ಟ್ರು ಹೇಳಿದ ಮೇಲಂತೂ ನನ್ನ ತಲೆ ದೀಪಸ್ತಂಭಕ್ಕಿಂತ ಒಂದು ಮೊಳ ಮೇಲೆ ಹೋಯಿತು.

ಕಿವಿ ಬಂದ ಮೇಲೆ ಆರು ಜನ ಹೋಗುತ್ತಿದ್ದ ಬೋಟಿನಲ್ಲಿ ಒಬ್ಬನೇ ಹೋಗತೊಡಗಿದ. ಬಲೆ ಎಳೆಯಲು ಯಂತ್ರ, ದಾರಿಗೆ ಯಂತ್ರ, ಸಮುದ್ರ ಕೇಳಲು ಕಿವಿ. ಮಾತಿಗೆ ಮಾತ್ರ ಯಾರೂ ಇಲ್ಲ. ಗಂಡಸರು ಮನೆಗೆ ಬಂದು ಅಷ್ಟೂ ಮಾತನ್ನು ಒಟ್ಟಿಗೆ ಆಡುತ್ತಿದ್ದರು. ಹೆಂಗಸರು ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಇನ್ನೊಂದು ಬದಲಾವಣೆಯೂ ಆಯಿತು. ಬೋಟು ಎಲ್ಲಿದೆ ಎಂಬುದನ್ನೂ ಕಿವಿ ಹೇಳುತ್ತಿತ್ತು. ಮರಿಮೀನು ಬೆಳೆಯುವ ಒಂದು ಪಟ್ಟಿಯಲ್ಲಿ ಬಲೆ ಹಾಕಬಾರದು ಎಂದು ಕಟ್ಟಪ್ಪಣೆ. ಆಸೆಬುರುಕರು ಅಲ್ಲಿಗೆ ಹೋಗುವ ಮೊದಲು ಕಿವಿಯನ್ನು ತಿರುಪಿ ಕಿತ್ತು, ತೂತಿಗೊಂದು ಬೋಲ್ಟು ಜಡಿಯುತ್ತಿದ್ದರು. ಒಂದು ಕಿವಿ ಕಡಿಮೆಯಾದರೆ ಸುತ್ತಲಿನ ನಾಲ್ಕು ಬೋಟಿನ ಲೆಕ್ಕವೂ ತಪ್ಪುತ್ತದೆ. ಹಾಗಾಗಿ 'ಕಿವಿ ಕಿತ್ತವ' ಎಂಬುದು ನಮ್ಮೂರಿನ ಅತಿ ಕೆಟ್ಟ ಬೈಗುಳವಾಯಿತು. ನೂಲಹುಣ್ಣಿಮೆಯ ದಿನ, ಮಳೆಗಾಲದಲ್ಲಿ ದಡಕ್ಕೆ ಎಳೆದಿಟ್ಟ ಬೋಟುಗಳು ಮತ್ತೆ ನೀರಿಗಿಳಿಯುವ ಮೊದಲು, ನಮ್ಮ ಕುಲದ ಮುಖ್ಯಸ್ಥರಾದ ಗುರಿಕಾರರು ಆ ವರ್ಷ ಸಮುದ್ರ ತೆಗೆದುಕೊಂಡವರ ಹೆಸರನ್ನು ಕೂಗುತ್ತಾರೆ. ಒಂದು ಹೆಸರಿಗೆ ಒಂದು ತೆಂಗಿನಕಾಯಿ. ತವರಿನವರು ಹೆಂಡತಿಯ ಕೈಗೆ ಕಾಯಿ ಕೊಡುತ್ತಾರೆ, ಅವಳು ಸಮುದ್ರಕ್ಕೆ ಬಿಡುತ್ತಾಳೆ. ಹೆಸರು ಕೂಗಿದ ಮೇಲೇ ಸತ್ತವನು ದಡ ಸೇರಿದ ಹಾಗೆ. ಕಿವಿ ಕಿತ್ತವನ ಹೆಸರು ಕೂಗುವುದಿಲ್ಲ.

ಇಲ್ಲಿಂದ ಮುಂದೆ ಭಾಗಿಸಬೇಡಿ.

ಆ ದಿನ ಬೆಳಿಗ್ಗೆ ಅಕ್ಕನ ಗಂಡ ಅಣ್ಣಪ್ಪ ಭಾವ ದಕ್ಕೆಯಿಂದಲೇ ಕೂಗಿದರು. ಅವರ ಬೋಟಿನ ಹೆಸರು ಜಲರಾಣಿ.

"ಏ ಕರ್ಣಾ! ಕಿವಿ ಸೋರ್ತಾ ಇತ್ತ್. ಬಂದ್ ಕಾಣ್ ಮಾರಾಯಾ!"

ಎಂಜಿನ್ ಕೋಣೆಗೆ ಇಳಿದು ನೋಡಿದೆ. ತಿರುಪಿನ ಬುಡದಲ್ಲಿ ಉಪ್ಪು ಬೆಳ್ಳಗೆ ಹೂ ಬಿಟ್ಟಿತ್ತು. ನಿಮಿಷಕ್ಕೆ ಮೂರು ಹನಿ. ಒಂದೊಂದು ಹನಿಯೂ ನೇರ ಸ್ಟಾರ್ಟರಿನ ತಂತಿಯ ಮೇಲೆ ಬೀಳುತ್ತಿತ್ತು. ಕಿವಿಯನ್ನು ತಿರುಪಿ ತೆಗೆದೆ. ಅದರ ತಲೆಗೂ ಎಂಜಿನ್ನಿನ ಮೈಗೂ ನಡುವೆ ಉಂಗುರದಂಥ ತಾಮ್ರದ ವಾಷರ್ ಇರುತ್ತದೆ; ಅದು ಒತ್ತಿ ಒತ್ತಿ ಗಟ್ಟಿಯಾಗಿ ಹಪ್ಪಳದಂತಾಗಿತ್ತು. ಗಟ್ಟಿಯಾದ ತಾಮ್ರ ನೀರು ಹಿಡಿಯುವುದಿಲ್ಲ.

"ಹೊಸ ವಾಷರ್ ಇಲ್ಯಾ?" ಭಾವ ಕೇಳಿದರು.

"ತೀರಿ ಹೋಯ್ತ್."

"ಹಾಂಗಾರೆ ಇದ್ನೇ ಒಲೆಗ್ ಹಾಕಿ ಕೆಂಪಗೆ ಕಾಯ್ಸಿ ನೀರಿಗ್ ಹಾಕ್. ಮೆತ್ತಗಾತ್ತ್. ಹತ್ತ್ ನಿಮಿಷದ್ ಕೆಲ್ಸ. ನಿನ್ನಕ್ಕ ಗಂಜಿ ಬೇಯ್ಸ್ತಾ ಇದ್ಲ್, ಒಲೆ ಉರೀತಾ ಇತ್ತ್."

ಅಕ್ಕನ ಮನೆ ದಕ್ಕೆಯಿಂದ ಇಪ್ಪತ್ತು ಹೆಜ್ಜೆ. ಆದರೆ ಕರ್ಣ ಮೇಸ್ತ್ರಿಗೆ ಇನ್ನೊಬ್ಬರು ಉಪಾಯ ಹೇಳುವುದೆ? ಅದೂ ಬಲೆ ಎಳೆಯುವವರು?

"ಭಾವಾ, ವಾಷರ್ ಎಲ್ಲ ಕೆಲ್ಸ ಕಲಿಯುವವ್ರಿಗೆ. ಕರ್ಣನ ಕೈಯಲ್ಲ್ ಟೇಪಿತ್ತ್. ನಾ ಸುತ್ತಿದ್ ಕಿವಿಯಿಂದ ಒಂದ್ ಹನಿ ಸೋರಿರೆ ಮೀಸೆ ಬೋಳ್ಸ್ತೆ. ನಿಮ್ದಲ್ಲ, ನಂದೇ."

ಅಷ್ಟರಲ್ಲಿ ಅಕ್ಕ ಬುತ್ತಿ ಹಿಡಿದು ದಕ್ಕೆಗೆ ಬಂದಳು. ಹಳೆಯ ವಾಷರನ್ನು ಅವಳತ್ತ ಎಸೆದೆ.

"ಅಕ್ಕಾ, ಇದ್ನ ಬಿಸಾಡ್. ಇಲ್ದಿರೆ ಉಂಗ್ರ ಮಾಡ್ಕಣ್."

"ನಿನ್ನ ಹೆಂಡ್ತಿಗೆ ಹಾಕ್, ಅವ್ಳಿಗೆ ನೀ ಬಂಗಾರದ್ದ್ ಅಂತ ಹೇಳಿ ತಾಮ್ರದ್ದೇ ಕೊಟ್ಟದ್ದಲ್ದಾ," ಎಂದಳು ಅಕ್ಕ. ಆದರೂ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅವಳು ಏನನ್ನೂ ಬಿಸಾಡುವವಳಲ್ಲ.

ನಾನು ಬಿಳಿ ಟೇಪು ತೆಗೆದು ತಿರುಪಿಗೆ ಸುತ್ತತೊಡಗಿದೆ. ನಿಯಮದಲ್ಲಿ ಒಂದು ಸುತ್ತಿಗೆ ಅನುಮತಿ ಇದೆ, ಬಹಳವೆಂದರೆ ಎರಡು. ತಿರುಪಿನ ಏಣುಗಳು ಅದನ್ನು ಕತ್ತರಿಸಿಕೊಂಡು ಹೋಗಿ ಕಬ್ಬಿಣ ಮುಟ್ಟುತ್ತವೆ. ನಾನು ಎರಡಕ್ಕೆ ನಿಲ್ಲುವ ಜಾತಿಯೇ? ಮೂರು, ನಾಲ್ಕು, ಐದು. ಭಾವ ಬಗ್ಗಿ ನೋಡಿ ನಕ್ಕರು.

"ಎಂತದಾ ಇದ್? ಕಿವಿಗೆ ಮುಂಡಾಸ್ ಕಟ್ತಾ ಇದ್ಯಾ?"

"ಮದಿಮಾಯ ಮದ್ವಿಗೆ ಹೊರ್ಟದ್ದಲ್ದಾ ಭಾವಾ!" ಎಂದು ಇನ್ನೂ ಆರು ಸುತ್ತಿದೆ. ಒಟ್ಟು ಹನ್ನೊಂದು. ಅವರನ್ನು ನಗಿಸಲಿಕ್ಕೆ ಕೊನೆಯ ಮೂರು ಸುತ್ತನ್ನು ಬಾಯಲ್ಲಿ ಎಣಿಸಿದೆ: ಒಂಬತ್ತು, ಹತ್ತು, ಹನ್ನೊಂದು. ಆಮೇಲೆ ಒಂದು ಅಡಿಯ ಸ್ಪ್ಯಾನರ್ ಹಾಕಿ ಬಿಗಿದೆ. ಎಂಜಿನ್ ಸ್ಟಾರ್ಟ್ ಮಾಡಿದೆವು. ಕಿವಿಯ ತಲೆಯ ಮೇಲಿನ ಪುಟ್ಟ ದೀಪ ಹಸಿರಾಯಿತು. ನಾವಿಬ್ಬರೂ ಕಾದು ನೋಡಿದೆವು. ಒಂದು ಹನಿ ಇಲ್ಲ. ಭಾವ ಬೆರಳು ಒತ್ತಿ ನೋಡಿದರು, ಒದ್ದೆಯಾಗದ ಬೆರಳು ತೋರಿಸಿದರು.

"ಒಪ್ದೆ ಮಾರಾಯಾ. ಹೋಗ್, ಇವತ್ತೊಂದಿನ ನಿನ್ ಮಾತನ್ ಭಾಗ್ಸುದಿಲ್ಲೆ."

ಏಳು ಗಂಟೆ ಮೂವತ್ತನಾಲ್ಕು ನಿಮಿಷಕ್ಕೆ ಜಲರಾಣಿ ಅಳಿವೆ ದಾಟಿತು.

ಆಮೇಲೆ ನಡೆದದ್ದನ್ನು ನಾನು ಕಂಡಿಲ್ಲ. ನಿಯಂತ್ರಣ ಕೊಠಡಿಯ ಗೋಡೆ ಕಂಡಿದೆ. ಆ ಗೋಡೆಯ ತುಂಬ ಸಮುದ್ರದ ನಕ್ಷೆ, ನಕ್ಷೆಯ ತುಂಬ ಹಸಿರು ಚುಕ್ಕೆ. ಅಂದು ಗೋಡೆ ನೋಡಿಕೊಳ್ಳುತ್ತಿದ್ದವಳು ಪ್ರಮೀಳಾ ಎಂಬ ಹುಡುಗಿ. ಚಿತ್ರದುರ್ಗದ ಕಡೆಯವಳು, ಕೆಲಸಕ್ಕೆ ಬರುವ ಮೊದಲು ಸಮುದ್ರ ನೋಡಿದವಳಲ್ಲ. ಹನ್ನೊಂದು ನಲವತ್ತಕ್ಕೆ ಜಲರಾಣಿಯ ಚುಕ್ಕೆ ಕಪ್ಪಾಯಿತು. ಮರಿಮೀನಿನ ಪಟ್ಟಿಗೆ ಎರಡೇ ಮೈಲು ದೂರದಲ್ಲಿ. ಹೀಗೆ ಕಪ್ಪಾದಾಗ ಒತ್ತಲು ಅವಳ ಮುಂದೆ ಎರಡು ಗುಂಡಿ. ಒಂದರ ಮೇಲೆ 'ಕಿತ್ತದ್ದು' ಎಂದು ಬರೆದಿದೆ, ಇನ್ನೊಂದರ ಮೇಲೆ 'ಕೆಟ್ಟದ್ದು'. ಮೊದಲ ಗುಂಡಿಯ ಅಕ್ಷರ ಬೆರಳು ತಾಗಿ ಅಳಿಸಿಹೋಗಿದೆ. ಎರಡನೆಯದು ಕಾರ್ಖಾನೆಯಿಂದ ಬಂದ ದಿನದ ಹಾಗೇ ಹೊಳೆಯುತ್ತದೆ.

ಅವಳು ಮೊದಲನೆಯದನ್ನು ಒತ್ತಿದಳು.

ಮಧ್ಯಾಹ್ನ ಹನ್ನೆರಡೂವರೆಗೆ ಇನ್ನೂರು ಬೋಟುಗಳಲ್ಲಿ ಒಂದನ್ನು ಬಿಟ್ಟು ಉಳಿದವುಗಳಲ್ಲಿ ಹಾರ್ನ್ ಊದಿತು. ಬೋಟುಗಳು ದಿಕ್ಕು ಬದಲಿಸಿದವು. ಒಂದೂಕಾಲಿಗೆ ಕಳ್ಳತೆರೆ ಎದ್ದಿತು. ಎಂಥ ಬಿಸಿಲಿತ್ತು ಅಂದು! ದಕ್ಕೆಯ ಮೇಲೆ ಹರಡಿದ ಒಣಮೀನು ಚಟಚಟ ಎನ್ನುತ್ತಿತ್ತು. ಸಂಜೆಯೊಳಗೆ ನೂರ ತೊಂಬತ್ತೊಂಬತ್ತು ಬೋಟು ಬಂದವು. ನಾವು ಎರಡೆರಡು ಸಲ ಎಣಿಸಿದೆವು. ಮೂರು ದಿನ ಹುಡುಕಿದರು. ಸಿಕ್ಕಿದ್ದು ಐಸು ಪೆಟ್ಟಿಗೆಯ ಮುಚ್ಚಳ ಒಂದೇ. ಬೋಟು ನಲವತ್ತು ಮಾರು ಆಳದಲ್ಲಿ, ಅದರೊಳಗೆ ಎಂಜಿನ್, ಎಂಜಿನ್ನಿನ ಮೈಯಲ್ಲಿ ಬಿಳಿ ಮುಂಡಾಸಿನ ಕಿವಿ.

"ಕಿವಿ ಕಿತ್ತಿದ್ರಂಬ್ರ್," ಎಂದು ದಕ್ಕೆಯ ಮೇಲೆ ಯಾರೋ ಮೆಲ್ಲಗೆ ಹೇಳಿದರು. ಆ ಮಾತು ಕೇಳಿದ ಗಳಿಗೆಯಲ್ಲೇ ನನಗೆ ಗೊತ್ತಾಯಿತು.

ಕಿವಿಗೆ ಇರುವುದು ಒಂದೇ ತಂತಿ. ಕರೆಂಟು ತಂತಿಯಲ್ಲಿ ಬರುತ್ತದೆ. ಹಿಂದೆ ಹೋಗುವ ದಾರಿ ಯಾವುದು? ಕಿವಿಯ ಸ್ವಂತ ಮೈ. ಹಿತ್ತಾಳೆಯ ತಲೆಯಿಂದ ತಾಮ್ರದ ವಾಷರಿಗೆ, ವಾಷರಿನಿಂದ ಎಂಜಿನ್ನಿನ ಕಬ್ಬಿಣಕ್ಕೆ. ವಾಷರ್ ನೀರನ್ನೂ ತಡೆಯುತ್ತದೆ, ಕರೆಂಟಿಗೆ ದಾರಿಯನ್ನೂ ಕೊಡುತ್ತದೆ. ನಾನು ಅದನ್ನು ತೆಗೆದು ಎಸೆದೆ. ಹನ್ನೊಂದು ಸುತ್ತಿನ ದಪ್ಪಕ್ಕೆ ಕಿವಿ ಅರ್ಧದಲ್ಲೇ ಬಿಗಿದುಕೊಂಡು ನಿಂತಿತು, ತಲೆ ಎಂಜಿನ್ನಿಗೆ ತಾಗಲೇ ಇಲ್ಲ. ಎಲ್ಲೋ ಒಂದು ಏಣು ಟೇಪನ್ನು ಹರಿದು ಕೂದಲೆಳೆಯಷ್ಟು ಕಬ್ಬಿಣ ಮುಟ್ಟಿರಬೇಕು. ದಕ್ಕೆಯಲ್ಲಿ ದೀಪ ಹಸಿರಾದದ್ದು ಆ ಕೂದಲೆಳೆಯಿಂದ. ಗಂಟೆಗಟ್ಟಲೆ ಓಡಿ ಎಂಜಿನ್ ಕಾದ ಮೇಲೆ ಟೇಪು ಮೆತ್ತಗಾಗಿ ಹರಡಿತು. ಕೂದಲೆಳೆ ತಪ್ಪಿತು. ಕೆಳಗೆ ಎಂಜಿನ್ ಕೋಣೆಯಲ್ಲಿ ದೀಪ ಆರಿತು. ಮೇಲೆ ಒಬ್ಬರೇ ಬಲೆ ಎಳೆಯುತ್ತಿದ್ದ ಭಾವ ಹಾರ್ನ್ ಊದದ ಸಮುದ್ರವನ್ನು ನಂಬಿಕೊಂಡಿದ್ದರು.

ಸೋರುವುದು ಮಾತ್ರ ಪೂರ್ತಿ ನಿಂತಿತ್ತು. ಹನಿಯೂ ಸೋರಿರಲಿಕ್ಕಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಚಂದದ ಕೆಲಸ ಮಾಡಿರಲಿಲ್ಲ.

ಹದಿಮೂರನೆಯ ದಿನ ಅಕ್ಕನ ಅಡಿಗೆಕೋಣೆಗೆ ಹೋದೆ. ಅವಳು ಗಂಜಿಗೆ ಅಕ್ಕಿ ತೊಳೆಯುತ್ತಿದ್ದಳು, ಇಬ್ಬರಿಗಾಗುವಷ್ಟು. ಅಳತೆ ಇನ್ನೂ ಬದಲಾಗಿರಲಿಲ್ಲ.

"ಅವ್ರ್ ಕಿತ್ತಿರುದಿಲ್ಲೆ ಕರ್ಣಾ," ಎಂದಳು. "ಬಾವಿಕಟ್ಟೆಲಿ ನಾ ಹೋದ್ರೆ ಎಲ್ಲ ಸುಮ್ನಾತ್ರ್. ಇಪ್ಪತ್ತಾರ್ ವರ್ಷ ಕೂಡಿ ಬಾಳಿದ್ದೆ. ಮರಿಮೀನ್ ಬಲೆಗ್ ಬಿದ್ರೆ ವಾಪಾಸ್ ನೀರಿಗ್ ಬಿಟ್ಟ್ 'ಶಾಲೆಗ್ ಹೋಯ್ನಿ ಮಕ್ಳೇ' ಅಂಬವ್ರ್. ಅವ್ರ್ ಕೀಳ್ತ್ರಾ?"

"ಕಿತ್ತದ್ದಲ್ಲ ಅಕ್ಕಾ. ನಾ ಮಾಡಿದ್ದ್." ಎಲ್ಲ ಹೇಳಿದೆ. ವಾಷರ್, ಭಾವ ಹೇಳಿದ ಹತ್ತು ನಿಮಿಷ, ಟೇಪು, ಕೂದಲೆಳೆ. "ಹನ್ನೊಂದ್ ಸುತ್ತ್ ಸುತ್ತಿದ್ದೆ."

ಅವಳು ಅಕ್ಕಿಯ ಕೈಯಲ್ಲೇ ನನ್ನ ತಲೆ ಮುಟ್ಟಿದಳು. ಮೂವತ್ತು ವರ್ಷದ ಮೇಲೆ ಮೊದಲ ಸಲ.

"ಹನ್ನೊಂದಂದ್ರೆ ಒಂದ್," ಎಂದಳು. "ಒಂದ್ ಸುತ್ತ್ ಎಲ್ಲ ಮೇಸ್ತ್ರಿಗಳೂ ಹಾಕ್ತ್ರ್. ನನ್ ಸಮಾಧಾನಕ್ಕೆ ನೀ ತಲೆ ಮೇಲ್ ಹಾಕ್ಕಣ್ಬೇಡ ತಮ್ಮಾ. ಉಂಡ್ಕಂಡ್ ಹೋಗ್."

ಉಂಡೆ. ಏನು ಮಾಡಲಿ, ಉಂಡೆ.

ಬಂದರಿನ ಸಭಾಂಗಣದಲ್ಲಿ ವಿಚಾರಣೆ ನಡೆಯಿತು. ಅಧಿಕಾರಿ ನಾಡಿಗ ಸಾಹೇಬರು ಒಳ್ಳೆಯ ಮನುಷ್ಯರು; ಕನ್ನಡಕ ಒರೆಸದೆ ಯಾರಿಗೂ ಕೆಟ್ಟ ಸುದ್ದಿ ಹೇಳಿದವರಲ್ಲ. ನಾನು ಎದ್ದು ನಿಂತು ಎಲ್ಲರೆದುರು ಹೇಳಿದೆ: ಹನ್ನೊಂದು ಸುತ್ತು.

ಹಿಂದಿನ ಸಾಲಿನಿಂದ ಯಾರೋ, "ಕರ್ಣನ ಲೆಕ್ಕದಲ್ಲ್ ಒಂದೂ ಚಿಲ್ರೆ," ಎಂದರು. ಕುಹಕವಲ್ಲ, ಪ್ರೀತಿಯಿಂದಲೇ ಅಂದದ್ದು. ಸಾವಿನ ಸಭೆಯಲ್ಲಿ ಜನ ತಲೆ ತಗ್ಗಿಸಿ ನಕ್ಕರು. ನಾಡಿಗ ಸಾಹೇಬರು ಪಕ್ಕದವರನ್ನು ವಿಚಾರಿಸಿದರು, ಪಕ್ಕದವರು ಲೆಕ್ಕ ವಿವರಿಸಿದರು. ಸಾಹೇಬರು ಕನ್ನಡಕ ಒರೆಸಿಕೊಂಡರು.

"ಕರುಣಾಕರ್, ನಿಮ್ಮ ಸಂಕಟ ನಂಗೆ ಅರ್ಥ ಆಗ್ತದೆ. ಭಾವನ ಹೆಸರು ಉಳಿಸ್ಬೇಕು ಅಂತ ನಿಮ್ಗೆ. ಆದ್ರೆ ಒಂದು ಸುತ್ತಿಂದ ಕಿವಿ ಸಾಯುದಿಲ್ಲ. ಎರಡ್ರಿಂದಲೂ ಇಲ್ಲ."

"ಸ್ವಾಮಿ, ಹನ್ನೊಂದು! ಕಾಯಿ ಮುಟ್ಟಿ ಹೇಳ್ತೆ!"

"ಕೂತ್ಕೊಳ್ಳಿ."

ಕೂತೆ. ನಲವತ್ತು ವರ್ಷ ಸುಳ್ಳಿಗೆ ಬಂಗಾರದ ನೀರು ಹಾಯಿಸಿದ ಬಾಯಿ ಇದು. ಒಂದೇ ಒಂದು ನಿಜ ಹೇಳಿದ್ದಕ್ಕೆ ಅದನ್ನೂ ಹತ್ತು ತುಂಡು ಮಾಡಿ ಒಂದು ತುಂಡನ್ನು ನನ್ನ ಕೈಗೆ ಕೊಟ್ಟರು. ಆ ಒಂದು ತುಂಡಿನಲ್ಲಿ ನಾನು ನಿರಪರಾಧಿ, ಭಾವ ಕಿವಿ ಕಿತ್ತವರು.

ಆಷಾಢ ಬಂತು. ನೂಲಹುಣ್ಣಿಮೆಗೆ ಇಪ್ಪತ್ತೆರಡು ದಿನ ಉಳಿದಾಗ ನಾನು ಒಂದು ಹಳೆಯ ಕಿವಿ, ಒಂದು ಉರುಳೆ ಬಿಳಿ ಟೇಪು ತೆಗೆದುಕೊಂಡು ಬೆಳಿಗ್ಗೆಯೇ ನಿಯಂತ್ರಣ ಕೊಠಡಿಗೆ ಹೋದೆ. ಕೊಠಡಿಯ ಹಿಂದೆ ಕಿವಿಗಳನ್ನು ಪರೀಕ್ಷೆ ಮಾಡುವ ಒಂದು ಎಂಜಿನ್ ಇದೆ, ಸಮುದ್ರದ ನೀರನ್ನೇ ಕೊಳವೆಯಲ್ಲಿ ಎಳೆದುಕೊಳ್ಳುತ್ತದೆ.

"ನಿಮ್ಮ ಕಣ್ಣೆದುರೇ ಸುತ್ತುತ್ತೇನೆ, ನೀವೇ ಎಣಿಸಿ," ಎಂದೆ.

ನಾಡಿಗ ಸಾಹೇಬರು ಕರುಣೆಯಿಂದ ಒಪ್ಪಿದರು. ಪ್ರಮೀಳಾ ಎಣಿಸಿದಳು. ಹನ್ನೊಂದು. ವಾಷರ್ ಇಲ್ಲದೆಯೇ ತಿರುಪಿ ಬಿಗಿದೆ, ಎಂಜಿನ್ ಓಡಿಸಿದೆ. ಗೋಡೆಯ ಮೇಲೆ ಪರೀಕ್ಷೆಯ ಚುಕ್ಕೆ ಹಸಿರಾಯಿತು. ಹತ್ತು ನಿಮಿಷ, ಹಸಿರು. ಅರ್ಧ ಗಂಟೆ, ಹಸಿರು. ಒಂದು ಗಂಟೆ ಕಳೆದಾಗ ಸಾಹೇಬರು ನನ್ನ ಭುಜ ತಟ್ಟಿದರು.

"ಕಂಡ್ರಲ್ಲ? ಇನ್ನು ಮನೆಗೆ ಹೋಗಿ ಕರುಣಾಕರ್. ಅಕ್ಕನ್ನ ನೋಡ್ಕೊಳ್ಳಿ." ಅವರು ಒಳಗೆ ಹೋದರು.

ನಾನು ಎದ್ದೇಳಲಿಲ್ಲ. ಪ್ರಮೀಳಾ ಚಹಾ ತಂದಳು.

"ಮೇಸ್ತ್ರಿಯವರೇ, ಎಷ್ಟು ಹೊತ್ತು ಕೂತಿರ್ತೀರಿ?"

"ಭಾವ ನಾಲ್ಕ್ ಗಂಟೆ ಹೋಯಿದ್ರ್."

ಅವಳು ಗೋಡೆ ನೋಡಿದಳು, ಗಡಿಯಾರ ನೋಡಿದಳು. ಇನ್ನೊಂದು ಕುರ್ಚಿ ಎಳೆದುಕೊಂಡಳು.

"ನೀನು ನಂಬ್ತೀಯಾ ಮಗಾ?" ಎಂದೆ.

"ನಂಗೆ ನಿಮ್ಮೂರಿನ ಲೆಕ್ಕ ಗೊತ್ತಿಲ್ಲ. ಹನ್ನೊಂದು ಅಂದ್ರೆ ನಮ್ ಕಡೆ ಹನ್ನೊಂದೇ."

ಎಂಜಿನ್ ಓಡತೊಡಗಿ ಮೂರು ಗಂಟೆ ಐವತ್ತೆರಡು ನಿಮಿಷವಾದಾಗ ಗೋಡೆಯ ಮೇಲಿನ ಚುಕ್ಕೆ ಒಮ್ಮೆ ಮಿಟುಕಿತು. ಮತ್ತೆ ಮಿಟುಕಿತು. ಕಪ್ಪಾಯಿತು. ಎಂಜಿನ್ ಏನೂ ಅರಿಯದ ಹಾಗೆ ಓಡುತ್ತಲೇ ಇತ್ತು. ಭಾವನ ದಿನಕ್ಕೂ ಇದಕ್ಕೂ ಹದಿನಾಲ್ಕೇ ನಿಮಿಷದ ಅಂತರ.

ಗೆದ್ದೆ ಎಂದು ಕೂಗಬೇಕಿತ್ತು. ಎದ್ದು ಹೋಗಿ ಎಂಜಿನ್ ನಿಲ್ಲಿಸಿ ಬಂದೆ. ಪ್ರಮೀಳಾ ತನ್ನ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡಳು.

"ವೈರ್‌ಲೆಸ್ಸು ನನ್ನ ಪಕ್ಕದಲ್ಲೇ ಇತ್ತು," ಎಂದಳು. "ಒಂದ್ಸಲ ಕರೀಬಹುದಿತ್ತು. 'ಜಲರಾಣಿ, ನಿಮ್ಮ ಕಿವಿ ಹೋಗಿದೆ ನೋಡ್ಕೊಳ್ಳಿ' ಅಂತ. ಅವತ್ತು ಅದಾಗ್ಲೇ ಆರು ಚುಕ್ಕೆ ಕಪ್ಪಾಗಿ, ಆಮೇಲೆ ತಾವಾಗೇ ಹಸಿರಾಗಿದ್ವು. ಕಿತ್ತವರನ್ನ ಕರೆದ್ರೆ ಬೈತಾರೆ ಮೇಸ್ತ್ರಿಯವರೇ, ಬಾಯಿಗೆ ಬಂದ ಹಾಗೆ ಬೈತಾರೆ. ಅದಕ್ಕೆ ನಾವು ಯಾರೂ ಕರೆಯೋದು ಬಿಟ್ಬಿಟ್ಟಿದ್ವಿ. ಒಂದು ಗುಂಡಿ ಒತ್ತಿ ಊಟಕ್ಕೆ ಹೋದೆ."

ಅಳಬೇಡ, ತಪ್ಪೆಲ್ಲ ನನ್ನದು ಎಂದರೆ ಹತ್ತರಿಂದ ಭಾಗಿಸುವವಳಲ್ಲ ಅವಳು. ಹಾಗೇ ಹೇಳಿದೆ. ಅವಳು ಇಲ್ಲ ಎಂದು ತಲೆ ಅಲ್ಲಾಡಿಸಿದಳು.

ಸಾಹೇಬರು ಬಂದು ಕಪ್ಪು ಚುಕ್ಕೆ ನೋಡಿದರು. ಕಿವಿಯ ತಿರುಪು ಬಿಚ್ಚಿಸಿ ನೋಡಿದರು. ಏಣು ಏಣಿನ ನಡುವೆ ಟೇಪು ಕೆನೆಯಂತೆ ಹರಡಿತ್ತು. ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಪ್ರಮೀಳಾ ದಾಖಲೆ ತೆರೆದು, ಹೊಳೆಯುವ ಗುಂಡಿಯನ್ನು ಒತ್ತಿದಳು. ಕಿತ್ತದ್ದು ಅಳಿಸಿ ಕೆಟ್ಟದ್ದು ಎಂದಾಯಿತು. ಬರೆಯಲು ಎಷ್ಟು ಸಣ್ಣ ವ್ಯತ್ಯಾಸ ನೋಡಿ.

ಕಚೇರಿಯ ಕಾಗದ ನನಗಿಂತ ಮೊದಲು ಅಕ್ಕನ ಮನೆ ತಲುಪಿತ್ತು. ಹುಣ್ಣಿಮೆಯ ಹಿಂದಿನ ದಿನ ಹೇಳಿ ಕಳಿಸಿದಳು. ಹೋದಾಗ ಕಾಗದ ಒಲೆಯ ಪಕ್ಕದಲ್ಲಿತ್ತು. ಅವಳು ನನ್ನ ಮುಖ ನೋಡಲಿಲ್ಲ.

"ಎಷ್ಟ್ ಸುತ್ತ್?"

"ಹನ್ನೊಂದ್."

ಈ ಸಲ ಅವಳು ಭಾಗಿಸಲಿಲ್ಲ.

ಗೋಡೆಯ ಗೂಡಿನಿಂದ ಒಂದು ಡಬ್ಬಿ ತೆಗೆದಳು. ಡಬ್ಬಿಯಲ್ಲಿ ಆ ವಾಷರ್. ಇಕ್ಕಳದಲ್ಲಿ ಹಿಡಿದು ಒಲೆಯ ಉರಿಗೆ ಒಡ್ಡಿದಳು. ತಾಮ್ರ ಮೊದಲು ಕಪ್ಪಾಯಿತು, ಆಮೇಲೆ ಬಣ್ಣ ಬಣ್ಣವಾಯಿತು, ಆಮೇಲೆ ಸಂಜೆಯ ಸೂರ್ಯನ ಹಾಗೆ ಕೆಂಪಾಯಿತು. ನೀರಿನ ಬಟ್ಟಲಿಗೆ ಹಾಕಿದಳು. ಚುಂಯ್ ಎಂದಿತು. ತೆಗೆದು ಬೆರಳಲ್ಲಿ ಒತ್ತಿದಳು; ತಾಮ್ರ ಮೆತ್ತಗೆ ಬಾಗಿತು. ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದಳು.

"ಅವ್ರ್ ಹತ್ತ್ ನಿಮಿಷ ಅಂದಿದ್ರಲ್ದಾ? ನಾಲ್ಕ್ ನಿಮಿಷ ಸಾಕಾಯ್ತ್," ಎಂದಳು.

ಅಷ್ಟೇ ಹೇಳಿದಳು. ಉಂಡು ಹೋಗು ಅನ್ನಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಇಡೀ ಅಳಿವೆಗೋಡು ಕಡಲ ದಂಡೆಯಲ್ಲಿ ನಿಂತಿತ್ತು. ಗುರಿಕಾರರು ಗಂಟಲು ಸರಿಮಾಡಿಕೊಂಡು ಕೂಗಿದರು: "ಅಣ್ಣಪ್ಪ ಮೊಗವೀರ! ಜಲರಾಣಿ!" ಜನ ಕೈ ಮುಗಿದರು. ಬಾವಿಕಟ್ಟೆಯ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ದೂರದಲ್ಲಿ, ನಿಯಂತ್ರಣ ಕೊಠಡಿಯ ಮೆಟ್ಟಿಲಿನ ಮೇಲೆ, ಪ್ರಮೀಳಾ ನಿಂತಿದ್ದಳು. ಕೆಳಗೆ ಇಳಿದು ಬರಲಿಲ್ಲ.

ಹೆಂಡತಿಯ ಕೈಗೆ ಕಾಯಿ ಕೊಡಬೇಕಾದವರು ತವರಿನವರು. ಅಕ್ಕನಿಗೆ ತವರು ಎಂದರೆ ನಾನೊಬ್ಬನೇ.

ಮೊಣಕಾಲು ಮುಳುಗುವ ನೀರಿನಲ್ಲಿ ಅವಳು ನಿಂತಿದ್ದಳು. ಅರಿಶಿನ ಹಚ್ಚಿದ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದೆ. ಅವಳು ಕಾಯಿಯನ್ನು ನೋಡಿದಳು, ನನ್ನ ಬೆರಳುಗಳನ್ನು ನೋಡಿದಳು, ಸಮುದ್ರದ ಕಡೆ ತಿರುಗಿದಳು. ಊರು ಉಸಿರು ಹಿಡಿದು ಕಾಯಿತು. ತೆರೆಗಳು ಬಂದು ಬಂದು ನಮ್ಮ ಕಾಲು ಸುತ್ತಿ ಹೋಗುತ್ತಿದ್ದವು. ಬೇರೇನೂ ಮಾಡಲು ಗೊತ್ತಾಗದೆ ನಾನು ಅವನ್ನು ಎಣಿಸಿದೆ.

ಹನ್ನೊಂದನೆಯ ತೆರೆ ಹೋದ ಮೇಲೆ ಅವಳು ಕೈ ಚಾಚಿ ಕಾಯಿ ತೆಗೆದುಕೊಂಡಳು.

ಹನ್ನೊಂದು. ಭಾಗಿಸಬೇಡಿ.